ಹಾಡುವ ಮನೆ

(ಪಾಳ್ಯ ಧರ್ಮಕೇಂದ್ರದ ಶತಮಾನೋತ್ಸವದ ಅಂಗವಾಗಿ ಏರ್ಪಟ್ಟಿದ್ದ ಕುಟುಂಬ ದಿನದಂದು ಧರ್ಮಕೇಂದ್ರದ ಗುರುಗಳು ಮಾಡಿದ ಭಾಷಣ)



ನೂರು ವರ್ಷಗಳನ್ನು ಕಂಡ ನಮ್ಮ ದೇವಾಲಯಕ್ಕೆ ಮಾತು ಬರುವಂತಿದ್ದರೆ ಅದು ಏನನ್ನು ನುಡಿಯುತ್ತಿತ್ತು? ಇಲ್ಲಿ ಸೇವೆ ಸಲ್ಲಿಸಿದ ಗುರುಗಳ ಪ್ರಸಂಗಗಳೆಲ್ಲ ಅದರ ನೆನಪಿನಲ್ಲಿವೆಯೆಂದು ಹೇಳುವ ಧೈರ್ಯ ನಮಗಿಲ್ಲ. ಕಳೆದ ಭಾನುವಾರದ ಪ್ರಸಂಗವೇ ತಮ್ಮಲ್ಲಿ ಎಷ್ಟು ಮಂದಿಗೆ ನೆನಪಿದೆಯೋ ನಾವರಿಯೆವು! ಆದರೆ ಹಾಡುಗಳನ್ನು ಅದು ಮರೆತಿರಲಾರದು. ಕ್ರಿಸ್ತಜಯಂತಿಯ ನಡುರಾತ್ರಿಯ ಹಾಡು, ಶುಭ ಶುಕ್ರವಾರದ ಶೋಕಗೀತೆ, ಮದುವೆಯ ಮಂಗಳ, ಹಿರಿಯರನ್ನು ಮಣ್ಣಿಗೊಪ್ಪಿಸುವಾಗ ಗದ್ಗದ ಕಂಠದಲ್ಲಿ ಹಾಡಿದ ಕೊನೆಯ ಗೀತೆ, ಇವೇ ನಮ್ಮ ಪೂರ್ವಿಕರು ಇಲ್ಲಿ ಬಿಟ್ಟುಹೋದ ಆಸ್ತಿ.

ಮಕ್ಕಳಿಗೂ ಕುಟುಂಬಕ್ಕೂ ಆರೋಗ್ಯಕ್ಕೂ ಸಂಗೀತದಿಂದಾಗುವ ಪ್ರಯೋಜನವನ್ನು ಕುರಿತು ಈ ದಿನ ಮಾತನಾಡಬೇಕೆಂದು ಶತಮಾನೋತ್ಸವ ಸಮಿತಿಯವರು ನಮ್ಮನ್ನು ಕೇಳಿಕೊಂಡಿದ್ದಾರೆ. ಈ ವಿಷಯವನ್ನು ನಾವು ಸಂತೋಷದಿಂದ ಒಪ್ಪಿಕೊಂಡೆವು. ಅದರ ಹಿಂದೆ ಒಂದು ವ್ಯಥೆಯೂ ಇದೆ. ಮನೆಗಳನ್ನು ಆಶೀರ್ವದಿಸಲು ಈ ಸಲ ನಾವು ಬಂದಾಗ ಹಲವು ಮನೆಗಳಲ್ಲಿ ಒಂದು ಪ್ರಶ್ನೆ ಕೇಳಿದೆವು: "ನೀವೆಲ್ಲರೂ ಕೂಡಿ ಹಾಡುವ ಹಾಡು ಯಾವುದು?" ಟೆಲಿವಿಷನ್ನಿನಲ್ಲಿ ಹಾಡಿತ್ತು, ಮಗನ ಮೊಬೈಲಿನಲ್ಲಿ ಸಾವಿರ ಹಾಡುಗಳಿದ್ದವು. ಆದರೆ ನಮ್ಮ ಪ್ರಶ್ನೆಗೆ ಹೆಚ್ಚಿನ ಮನೆಗಳಲ್ಲಿ ದೊರೆತ ಉತ್ತರ ಮೌನ. ಹಾಡು ಮನೆಗೆ ಬಂದಿದೆ, ಹಾಡುವವರು ಮಾತ್ರ ಇಲ್ಲ. ಕೇಳುವುದು ಒಳ್ಳೆಯದೇ ಸರಿ. ಆದರೆ ಸಂಗೀತದ ನಿಜವಾದ ಫಲ ನಮ್ಮ ಕಂಠದಿಂದ ನಾವೇ, ಅದೂ ಕೂಡಿ ಹಾಡಿದಾಗ ದೊರೆಯುತ್ತದೆ ಎಂಬುದೇ ಇಂದು ನಾವು ಹೇಳಬೇಕಾದ ಮಾತು.

ಮೊದಲು ಮಕ್ಕಳ ವಿಷಯ. ಗರ್ಭದ ಕೊನೆಯ ತಿಂಗಳುಗಳಲ್ಲಿ ಶಿಶುವಿಗೆ ಕಿವಿ ಕೇಳಿಸುತ್ತದೆ. ಹುಟ್ಟಿದ ಕೂಸು ತಾಯಿಯ ದನಿಯನ್ನು ಉಳಿದವರ ದನಿಯಿಂದ ಬೇರೆಯಾಗಿ ಗುರುತಿಸುತ್ತದೆ. ನಮ್ಮ ಅಜ್ಜಿಯರು ಯಾವ ಶಾಸ್ತ್ರವನ್ನೂ ಓದದೆ ತೊಟ್ಟಿಲು ತೂಗಿ ಜೋಗುಳ ಹಾಡಿದರು. ಅವರ ಕೈ ಮತ್ತು ಕಂಠ ಒಂದೇ ಲಯದಲ್ಲಿ ನಡೆಯುತ್ತಿದ್ದುವು. 2013ರಲ್ಲಿ ಅಮೆರಿಕದ 11 ಆಸ್ಪತ್ರೆಗಳಲ್ಲಿ, ದಿನ ತುಂಬುವ ಮೊದಲೇ ಹುಟ್ಟಿದ 272 ಶಿಶುಗಳ ಮೇಲೆ ನಡೆದ ಅಧ್ಯಯನವೊಂದು ಪ್ರಕಟವಾಯಿತು. ತಂದೆತಾಯಿಗಳು ತಾವು ಆರಿಸಿದ ಹಾಡನ್ನು ಜೋಗುಳವಾಗಿ ಮೆಲ್ಲನೆ ಹಾಡಿದಾಗ ಆ ಕೂಸುಗಳ ಎದೆಬಡಿತ ಶಾಂತವಾಯಿತು, ಹಾಲು ಕುಡಿಯುವುದು ಸುಧಾರಿಸಿತು. ಹಾಡಿದ ತಂದೆತಾಯಿಗಳ ಆತಂಕವೂ ತಗ್ಗಿತು. ಮಗುವಿಗೆ ಕೊಟ್ಟ ಔಷಧ ಕೊಟ್ಟವರಿಗೂ ನಾಟಿತು! ಇಂಥ ಔಷಧ ಬೇರೆ ಯಾವ ಅಂಗಡಿಯಲ್ಲಿ ಸಿಕ್ಕೀತು?

ಇಲ್ಲೊಂದು ಎಚ್ಚರಿಕೆಯ ಮಾತು. ಮೊಜಾರ್ಟನ ಸಂಗೀತ ಕೇಳಿಸಿದರೆ ಮಗು ಬುದ್ಧಿವಂತವಾಗುತ್ತದೆ ಎಂಬ ನಂಬಿಕೆ ಲೋಕದಲ್ಲೆಲ್ಲ ಹಬ್ಬಿದೆ. ಅದರ ಮೂಲ 1993ರಲ್ಲಿ 36 ಮಂದಿ ಕಾಲೇಜು ವಿದ್ಯಾರ್ಥಿಗಳ ಮೇಲೆ ನಡೆದ ಪ್ರಯೋಗ. ಅದರಲ್ಲಿ ಶಿಶುಗಳೇ ಇರಲಿಲ್ಲ. ಕಂಡುಬಂದ ಲಾಭವೂ ಕೆಲವೇ ನಿಮಿಷಗಳದು. ಆದುದರಿಂದ ದುಡ್ಡು ತೆತ್ತು ಯಂತ್ರದ ಸಂಗೀತ ತಂದು ತೊಟ್ಟಿಲ ಬಳಿ ಇಟ್ಟ ಮಾತ್ರಕ್ಕೆ ಮಗು ಪಂಡಿತನಾಗಲಾರದು. ಮಗುವಿಗೆ ಬೇಕಾಗಿರುವುದು ತನ್ನವರ ದನಿ. ಬೆಳೆದ ಮೇಲೆ, ತಾನೇ ಹಾಡಿ ಕಲಿಯುವ ಮಗು ಕಿವಿಗೊಡಲು ಕಲಿಯುತ್ತದೆ, ಅಕ್ಷರಗಳ ದನಿಯನ್ನು ಸ್ಪಷ್ಟವಾಗಿ ಹಿಡಿಯುತ್ತದೆ, ತನ್ನ ಸರದಿಗಾಗಿ ಕಾಯುತ್ತದೆ. ಮಾತನಾಡುವಾಗ ಉಗ್ಗುವ ಮಕ್ಕಳು ಹಾಡುವಾಗ ಸಾಮಾನ್ಯವಾಗಿ ಉಗ್ಗುವುದಿಲ್ಲ. ಇದನ್ನು ನಮ್ಮ ಉಪದೇಶದ ತರಗತಿಗಳಲ್ಲೇ ತಾವು ಕಂಡಿರಬಹುದು.

ಹೀಗೆ ಹೇಳುತ್ತಿರುವ ನಾವೇ ಒಂದು ಅಪರಾಧವನ್ನು ಒಪ್ಪಿಕೊಳ್ಳಬೇಕಾಗಿದೆ. ಗುರುದೀಕ್ಷೆ ಪಡೆದ ಹೊಸತರಲ್ಲಿ, ಬೇರೊಂದು ಧರ್ಮಕೇಂದ್ರದಲ್ಲಿ, ಕ್ರಿಸ್ತಜಯಂತಿಗಾಗಿ ಮಕ್ಕಳ ಗಾನವೃಂದವನ್ನು ಸಿದ್ಧಗೊಳಿಸುತ್ತಿದ್ದೆವು. ಗುರುಮಠದಲ್ಲಿ ಸ್ವರಜ್ಞಾನ ಕಲಿತ ಹೆಮ್ಮೆ ಇನ್ನೂ ಹಸಿಯಾಗಿತ್ತು. ಒಂಬತ್ತು ವರ್ಷದ ಹುಡುಗನೊಬ್ಬ ಎಲ್ಲರಿಗಿಂತ ಜೋರಾಗಿ, ಎಲ್ಲರಿಗಿಂತ ಸಂತೋಷವಾಗಿ ಹಾಡುತ್ತಿದ್ದ; ಶ್ರುತಿ ಮಾತ್ರ ಸೇರುತ್ತಿರಲಿಲ್ಲ. "ನೀನು ಬಾಯಿ ಆಡಿಸಿದರೆ ಸಾಕು, ದನಿ ಬೇಡ" ಎಂದೆವು. ವಿಧೇಯ ಬಾಲಕ, ಹಾಗೆಯೇ ಮಾಡಿದ. ಹಬ್ಬ ಚೆನ್ನಾಗಿ ನಡೆಯಿತು, ಜನ ಮೆಚ್ಚಿದರು. ಮೂವತ್ತು ವರ್ಷಗಳ ಮೇಲೆ ಅವನ ಮಗಳ ಪ್ರಥಮ ಪ್ರಭುಭೋಜನದ ದಿನ ಅವನನ್ನು ಕಂಡೆವು. ಸಭೆಯೆಲ್ಲ ಹಾಡುತ್ತಿದ್ದಾಗ ಅವನೊಬ್ಬ ತುಟಿ ಬಿಗಿದು ನಿಂತಿದ್ದ. "ಏಕಪ್ಪಾ, ಹಾಡಲಿಲ್ಲ?" ಎಂದು ಕೇಳಿದರೆ ನಕ್ಕು, "ಫಾದರ್, ನೀವು ಹೇಳಿದ ಮಾತನ್ನು ಇನ್ನೂ ಮೀರಿಲ್ಲ" ಎಂದ. ಅದರಲ್ಲಿ ಕೋಪವಿರಲಿಲ್ಲ, ಇದ್ದಿದ್ದರೆ ನಮಗೆ ಹಗುರವಾಗುತ್ತಿತ್ತು. ಮಗಳಿಗೆ ಒಂದು ಜೋಗುಳವನ್ನೂ ತಾನು ಹಾಡಲಿಲ್ಲವೆಂದು ಆಮೇಲೆ ಹೇಳಿದ. ಹುಟ್ಟಿನಿಂದಲೇ ಸ್ವರಭೇದ ತಿಳಿಯದವರು ಬಹು ವಿರಳ; ಉಳಿದವರದು ಅಭ್ಯಾಸದ ಕೊರತೆ ಮಾತ್ರ. ಒಂದು ಮಾತಿನಿಂದ ನಾವು ಒಂದು ಮನೆಯ ಎರಡು ತಲೆಮಾರಿನ ಹಾಡನ್ನು ಕಿತ್ತುಕೊಂಡೆವು. ತಂದೆತಾಯಿಗಳೇ, ಉಪಾಧ್ಯಾಯರೇ, ಈ ತಪ್ಪನ್ನು ತಾವು ಮಾಡಬೇಡಿ.

ಇನ್ನು ಕುಟುಂಬ. ನಮ್ಮ ಮಲೆನಾಡಿನಲ್ಲಿ ಹಾಡು ದುಡಿಮೆಯ ಜೊತೆಗಾರನಾಗಿತ್ತು. ಬೀಸುವ ಕಲ್ಲಿಗೊಂದು ಪದ, ನಾಟಿಗೊಂದು ಪದ, ಸುಗ್ಗಿಗೊಂದು ಕುಣಿತ, ಹಸೆಮಣೆಗೆ ಸೋಬಾನೆ. ಕೊಂಕಣಿ ಮಾತೃಭಾಷೆಯ ಮನೆಗಳಲ್ಲಿ ಮದುವೆಯ ಮುನ್ನಾದಿನ ರೋಸಿನ ಶಾಸ್ತ್ರದಲ್ಲಿ ತೆಂಗಿನ ಹಾಲು ಹಚ್ಚುತ್ತಾ ಹಿರಿಯ ಹೆಂಗಸರು ವೊವಿಯೊ ಹಾಡುತ್ತಾರೆ. ಇವೆಲ್ಲವೂ ಒಂದೇ ಮರದ ಕೊಂಬೆಗಳು. ಶ್ರಮವನ್ನೂ ಅಗಲಿಕೆಯನ್ನೂ ಒಬ್ಬೊಬ್ಬರೇ ಹೊರದೆ ಕೂಡಿ ಹೊರುವ ಉಪಾಯವಾಗಿತ್ತು ಹಾಡು.

ಪವಿತ್ರ ಸಭೆಗೂ ಇದು ಹೊಸತಲ್ಲ. ಕ್ರಿ.ಶ. 386ರಲ್ಲಿ ಮಿಲಾನ್ ನಗರದ ಭಕ್ತರು ಅರಸೊತ್ತಿಗೆಯ ಕಿರುಕುಳದ ನಡುವೆ, ತಮ್ಮ ಧರ್ಮಾಧ್ಯಕ್ಷ ಸಂತ ಅಂಬ್ರೋಸರೊಡನೆ ದೇವಾಲಯದಲ್ಲೇ ಜಾಗರಣೆ ಮಾಡಿದರು. ದುಃಖದಿಂದ ಜನ ಕುಗ್ಗಿಹೋಗಬಾರದೆಂದು ಅವರಿಗೆ ಕೀರ್ತನೆಗಳನ್ನು ಕೂಡಿ ಹಾಡುವುದನ್ನು ಕಲಿಸಲಾಯಿತು. ಆ ಗಾಯನವನ್ನು ಕೇಳಿ ತಾವು ಕಣ್ಣೀರಿಟ್ಟುದನ್ನು ಸಂತ ಅಗಸ್ಟೀನರು ಬರೆದಿಟ್ಟಿದ್ದಾರೆ. ಫಿಲಿಪ್ಪಿಯ ಸೆರೆಮನೆಯಲ್ಲಿ, ಕಾಲಿಗೆ ಕೋಳ ಬಿದ್ದಿದ್ದರೂ, ಸಂತ ಪೌಲರೂ ಸೀಲರೂ ನಡುರಾತ್ರಿಯಲ್ಲಿ ಹಾಡಿದರು. 1963ರ ಡಿಸೆಂಬರ್ 4ರಂದು ವ್ಯಾಟಿಕನ್ ದ್ವಿತೀಯ ಮಹಾಸಭೆಯು ಹೊರಡಿಸಿದ ಆರಾಧನಾ ಸಂವಿಧಾನವು, ಜನರು ತಮ್ಮ ನಾಡಿನ ಸಂಗೀತ ಸಂಪ್ರದಾಯಕ್ಕೆ ತಕ್ಕ ಗೌರವ ಕೊಡಬೇಕೆಂದು ವಿಧಿಸಿತು. ನಮ್ಮ ಚಿಕ್ಕಮಗಳೂರು ಧರ್ಮಪ್ರಾಂತ್ಯ ಸ್ಥಾಪನೆಯಾದದ್ದೂ ಅದೇ 1963ರಲ್ಲಿ. ನಮ್ಮ ಧರ್ಮಪ್ರಾಂತ್ಯಕ್ಕೂ, ಕನ್ನಡದಲ್ಲಿ ಬಾಯ್ತುಂಬ ಹಾಡುವ ನಮ್ಮ ಹಕ್ಕಿಗೂ ಹೆಚ್ಚುಕಡಿಮೆ ಒಂದೇ ವಯಸ್ಸು.

ಆರೋಗ್ಯದ ಮಾತಿಗೆ ಬರೋಣ. ಸೌಲ ಅರಸನು ಮನಸ್ಸಿನ ವ್ಯಾಧಿಯಿಂದ ತೊಳಲುತ್ತಿದ್ದಾಗ ಬಾಲಕ ದಾವೀದನು ಕಿನ್ನರಿ ನುಡಿಸಿ ಅವನಿಗೆ ಉಪಶಮನ ತಂದುದನ್ನು ತಾವು ಬಲ್ಲಿರಿ. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಯೂರೋಪ್ ವಿಭಾಗವು 3000ಕ್ಕೂ ಮಿಕ್ಕ ಅಧ್ಯಯನಗಳನ್ನು ಪರಿಶೀಲಿಸಿ, ಸಂಗೀತವೂ ಸೇರಿದಂತೆ ಕಲೆಗಳು ಆರೋಗ್ಯಕ್ಕೆ ನೆರವಾಗುತ್ತವೆಂದು ವರದಿ ಮಾಡಿತು. ಹಾಡುವಾಗ ಉಸಿರನ್ನು ಬೇಗ ಒಳಗೆಳೆದು ನಿಧಾನವಾಗಿ ಬಿಡಬೇಕಾಗುತ್ತದೆ. ಆ ನಿಧಾನ ಉಸಿರಿನಿಂದ ಎದೆಬಡಿತವೂ ಶಾಂತವಾಗುತ್ತದೆ. ಗಾನವೃಂದದವರು ಕೂಡಿ ಹಾಡುವಾಗ ಅವರ ಎದೆಬಡಿತಗಳು ಒಟ್ಟಿಗೆ ಏರಿ ಒಟ್ಟಿಗೆ ಇಳಿಯುವುದನ್ನು ಸ್ವೀಡನ್ನಿನ ಸಂಶೋಧಕರು 2013ರಲ್ಲಿ ತೋರಿಸಿದರು. ನಾವೆಲ್ಲರೂ ಒಂದೇ ಹೃದಯದವರಾಗೋಣ ಎಂದು ಬಲಿಪೀಠದ ಬಳಿ ನಿಂತು ಹೇಳುವಾಗ ಅದು ಇಷ್ಟು ಅಕ್ಷರಶಃ ನಿಜವೆಂದು ನಾವೂ ಅರಿತಿರಲಿಲ್ಲ.

ನಮ್ಮ ಜಿಲ್ಲೆಯಲ್ಲೇ, ಅರಕಲಗೂಡು ತಾಲ್ಲೂಕಿನ ಕಾವೇರಿ ತೀರದಲ್ಲಿ ರುದ್ರಪಟ್ಟಣವೆಂಬ ಸಂಗೀತಗಾರರ ಗ್ರಾಮವಿದೆ. 1920ರಲ್ಲಿ ಅಲ್ಲಿ ಜನಿಸಿದ ವಿದ್ವಾನ್ ಆರ್. ಕೆ. ಶ್ರೀಕಂಠನ್ ಅವರು ತೊಂಬತ್ತು ದಾಟಿದ ಮೇಲೂ ಕಚೇರಿ ನಡೆಸಿದರು, 2014ರಲ್ಲಿ ತೀರಿಕೊಂಡರು. ಸಂಗೀತವೇ ಅವರಿಗೆ ಆಯುಸ್ಸು ಕೊಟ್ಟಿತೆಂದು ನಾವು ಹೇಳುವುದಿಲ್ಲ, ಆಯುಸ್ಸು ದೇವರ ಕೈಯಲ್ಲಿದೆ. ಆದರೆ ಹಾಡುವವನಿಗೆ ಮುಪ್ಪಿನಲ್ಲೂ ಪ್ರತಿ ಬೆಳಗ್ಗೆ ಏಳಲು ಒಂದು ಕಾರಣವಿರುತ್ತದೆಂದು ಹೇಳಬಲ್ಲೆವು.

ನಾವು ಕಣ್ಣಾರೆ ಕಂಡ ಇನ್ನೊಂದು ಸಂಗತಿ. ಹಿರಿಯರೊಬ್ಬರಿಗೆ ಪಾರ್ಶ್ವವಾಯು ಬಡಿದು ಬಲಗೈಯೂ ಮಾತೂ ಬಿದ್ದುಹೋಗಿದ್ದವು. ತಿಂಗಳ ಮೊದಲ ಶುಕ್ರವಾರ ಪ್ರಭುಭೋಜನ ತೆಗೆದುಕೊಂಡು ಹೋದಾಗ ಹೆಂಡತಿಯ ಹೆಸರನ್ನು ಹೇಳಲಾರದೆ ಅವರು ಅಳುತ್ತಿದ್ದರು. ಒಮ್ಮೆ ಮೊಮ್ಮಕ್ಕಳು ಮಾತೆ ಮರಿಯಮ್ಮನವರ ಹಾಡನ್ನು ಹಾಡಿಕೊಳ್ಳುತ್ತಿದ್ದರು. ಹಾಸಿಗೆಯಿಂದ ಮೂರನೆಯ ದನಿಯೊಂದು ಕೂಡಿಕೊಂಡಿತು. ಅಜ್ಜ ಹಾಡುತ್ತಿದ್ದರು, ಮಾತುಗಳ ಸಮೇತ! ಇದು ಪವಾಡವೆಂದು ಮನೆಯವರು ಕೈಮುಗಿದರು. ವೈದ್ಯರು ಇದಕ್ಕೆ ಕಾರಣ ಬಲ್ಲರು. ಹೆಚ್ಚಿನವರಲ್ಲಿ ಮಾತಿನ ಕೇಂದ್ರ ಮೆದುಳಿನ ಎಡಭಾಗದಲ್ಲಿರುತ್ತದೆ. ಹಾಡಿಗಾದರೋ ಬಲಭಾಗವೂ ನೆರವಾಗುತ್ತದೆ. ಅದಕ್ಕೇ ಮಾತು ಬಿದ್ದವರಲ್ಲಿಯೂ ಹಾಡು ಉಳಿಯುವುದುಂಟು. ಆ ಹಾಡನ್ನೇ ಮೆಟ್ಟಿಲಾಗಿಸಿ ಮಾತು ಕಲಿಸುವ ಚಿಕಿತ್ಸಾಕ್ರಮವೂ ಇದೆ. ಆ ಹಿರಿಯರಿಗೆ ಮಾತು ಪೂರ್ತಿಯಾಗಿ ಮರಳಲಿಲ್ಲ. ಆದರೆ ಅಂದಿನಿಂದ ಪ್ರತಿ ಸಂಜೆ ಮನೆಯವರು ಅವರ ಮಂಚದ ಸುತ್ತ ಕುಳಿತು ಹಾಡಿದರು. ಅವರು ಪ್ರಭುವಿನಲ್ಲಿ ನಿದ್ರಿಸಿದ ದಿನದವರೆಗೂ ಆ ಮನೆಯಲ್ಲಿ ಅವರು ಮೂಕರಾಗಿರಲಿಲ್ಲ. ಇಲ್ಲಿ ಗಮನಿಸಿ: ಅವರು ಎಂದೋ ಕೂಡಿ ಹಾಡಿ ಕಲಿತದ್ದರಿಂದಲ್ಲವೇ ಆ ಹಾಡು ಉಳಿದದ್ದು? ಇಂದು ಏನನ್ನೂ ಹಾಡದ ನಮ್ಮ ಮಕ್ಕಳಿಗೆ ಅಂಥ ದಿನ ಬಂದರೆ ಅವರೊಳಗೆ ಏನು ಉಳಿದಿರುತ್ತದೆ?

ಸಂಗೀತ ಔಷಧಕ್ಕೆ ಬದಲಲ್ಲ. ವೈದ್ಯರನ್ನು ಬಿಟ್ಟು ಹಾಡಿ ಎಂದು ನಾವು ಹೇಳುತ್ತಿಲ್ಲ. ಮಿತಿ ಮೀರಿದರೆ ಅದು ಕೇಡೂ ಆದೀತು. ಕಿವಿಗೆ ಯಂತ್ರ ಸಿಕ್ಕಿಸಿಕೊಂಡು ಗಂಟೆಗಟ್ಟಲೆ ಗಟ್ಟಿಯಾಗಿ ಕೇಳುವ ಯುವಕರು ಶ್ರವಣಶಕ್ತಿಯನ್ನೇ ಕಳೆದುಕೊಳ್ಳಬಹುದು, ಕಳೆದದ್ದು ಮರಳಿ ಬರುವುದಿಲ್ಲ. ಹಬ್ಬದ ದಿನ ಧ್ವನಿವರ್ಧಕವನ್ನು ಕೊನೆಯವರೆಗೆ ತಿರುಗಿಸುವ ನಮ್ಮ ಸ್ವಯಂಸೇವಕರೂ ಇದನ್ನು ಮನಸ್ಸಿಗೆ ತಂದುಕೊಳ್ಳಲಿ.

ಹಾಗಾದರೆ ನಾವು ಮಾಡಬೇಕಾದುದೇನು? ನಮ್ಮ ಕಷ್ಟಗಳು ನಮಗೆ ಗೊತ್ತಿವೆ. ಕಾಫಿ ಕುಯ್ಲಿನ ದಿನಗಳಲ್ಲಿ ದಣಿದ ಮೈಗೆ ಹಾಸಿಗೆಯೊಂದೇ ಬೇಕೆನಿಸುತ್ತದೆ. ಆನೆಗಳ ಭಯದಿಂದ ಕತ್ತಲಾದ ಮೇಲೆ ಮಕ್ಕಳನ್ನು ಹಾಡಿನ ಅಭ್ಯಾಸಕ್ಕೆ ಕಳುಹಿಸುವಂತಿಲ್ಲ. ಹಾಗೆ ಕಳುಹಿಸಿ ಎಂದು ನಾವೂ ಹೇಳೆವು. ಆದುದರಿಂದ ಮೂರು ಸಣ್ಣ ಕೆಲಸಗಳನ್ನು ಮಾತ್ರ ಬೇಡುತ್ತೇವೆ. ಪ್ರತಿ ಸಂಜೆ ಜಪಸರದ ನಂತರ ಮೊಬೈಲುಗಳನ್ನು ಬದಿಗಿಟ್ಟು ಒಂದೇ ಒಂದು ಹಾಡನ್ನು ಮನೆಮಂದಿಯೆಲ್ಲ ಹಾಡಿ. ಎಳೆಯ ಮಕ್ಕಳಿರುವ ಮನೆಯಲ್ಲಿ ತಾಯಿಯಷ್ಟೇ ಅಲ್ಲ, ತಂದೆಯೂ ಜೋಗುಳ ಹಾಡಲಿ. ಮತ್ತು ಪ್ರತಿ ಭಾನುವಾರ ಬಲಿಪೂಜೆಯ ಬಳಿಕ, ಹಾಡುಹಗಲಿನಲ್ಲಿ, ಮುಕ್ಕಾಲು ಗಂಟೆ ಮಕ್ಕಳನ್ನು ದೇವಾಲಯದಲ್ಲಿ ಬಿಟ್ಟುಕೊಡಿ. ಈ ಗಾನವೃಂದಕ್ಕೆ ಪರೀಕ್ಷೆಯಿಲ್ಲ, ಆಯ್ಕೆಯಿಲ್ಲ. ಶ್ರುತಿ ಸೇರುವ ಮಗುವಿಗೂ ಸೇರದ ಮಗುವಿಗೂ ಒಂದೇ ಬೆಂಚು. ಮುದ್ರಿಸಿಟ್ಟ ಹಿನ್ನೆಲೆ ಸಂಗೀತದ ಪೆಟ್ಟಿಗೆಗೆ ಬಲಿಪೂಜೆಯಲ್ಲಿ ಇನ್ನು ರಜೆ. ಕೆಲವು ವಾರ ನಮ್ಮ ಹಾಡು ಕುಂಟೀತು, ಕುಂಟಲಿ. ನಡೆಯಲು ಕಲಿಯುವ ಕೂಸು ಎಡವದಿದ್ದೀತೆ?

ಕೊನೆಯದಾಗಿ ಒಂದು ಮಾತು. ಆ ದಿನದ ಬಾಲಕನಿಗೆ ನಾವು ಪತ್ರ ಬರೆದಿದ್ದೇವೆ. ಕ್ಷಮೆ ಕೋರಿ, ನಮ್ಮ ಶತಮಾನೋತ್ಸವದ ಬಲಿಪೂಜೆಗೆ ಮಗಳೊಡನೆ ಬರಬೇಕೆಂದು ಕರೆದಿದ್ದೇವೆ. ಬರುತ್ತೇನೆಂದು ಉತ್ತರ ಬಂದಿದೆ, ಹಾಡುತ್ತೇನೆಂದು ಬರೆದಿಲ್ಲ. ಅಂದು ತಮ್ಮ ಪಕ್ಕದಲ್ಲಿ ಅಪರಿಚಿತರೊಬ್ಬರು ಅಂಜುತ್ತಾ, ಶ್ರುತಿ ತಪ್ಪಿ ಹಾಡಿದರೆ ದಯವಿಟ್ಟು ತಿರುಗಿ ನೋಡಬೇಡಿ. ತಾವೂ ಸ್ವಲ್ಪ ದನಿಯೆತ್ತಿ ಅವರಿಗೆ ಜೊತೆಯಾಗಿ. ನೂರು ವರ್ಷ ಹಾಡು ಕೇಳಿದ ನಮ್ಮ ದೇವಾಲಯ ಆ ದನಿಯನ್ನೂ ಕೇಳಲಿ.

ಹಾಡುವ ಮನೆಗಳನ್ನು ಪ್ರಭು ಆಶೀರ್ವದಿಸಲಿ.