ಮೂಳೆಯೂ ಒಂದು ಉಳಿತಾಯ ಖಾತೆ

ನಾನು ಬಿ.ಕಾಂ ಓದಿದವಳು, ಬಯಾಲಜಿಗೂ ನಂಗೂ ಎಸ್‌ಎಸ್‌ಎಲ್‌ಸಿಗೇ ಸಂಬಂಧ ಮುಗೀತು. ಆದ್ರೂ ಮೂಳೆಯ ಲೆಕ್ಕ ನಂಗೆ ಬೇಗ ಅರ್ಥ ಆಯ್ತು. ಯಾಕೆ ಅಂತ ಹೇಳ್ತೀನಿ.

ಬೆನ್ನೆಲುಬಿರೋ ಪ್ರಾಣಿಗಳಲ್ಲಿ ಅಸ್ಥಿಪಂಜರಕ್ಕೆ ಎರಡು ದೊಡ್ಡ ಕೆಲಸ: ಮೈಯನ್ನು ಹೊರೋದು, ಒಳಗಿರೋದನ್ನು ಕಾಯೋದು. ತಲೆಬುರುಡೆ ಮೆದುಳನ್ನು ಕಾಯುತ್ತೆ, ಪಕ್ಕೆಲುಬು ಹೃದಯ, ಶ್ವಾಸಕೋಶಗಳನ್ನು. ಆಮೆಯಲ್ಲಂತೂ ಪಕ್ಕೆಲುಬು, ಬೆನ್ನೆಲುಬು ಸೇರಿಕೊಂಡೇ ಬೆನ್ನಿನ ಚಿಪ್ಪಾಗಿದೆ. ಅದಕ್ಕೇ ಆಮೆ ಚಿಪ್ಪು ಬಿಟ್ಟು ಆಚೆ ಬರೋಕಾಗಲ್ಲ.

ಮೂರನೇ ಕೆಲಸ ಉಳಿತಾಯದ್ದು. ನಮ್ಮ ದೇಹದ ಕ್ಯಾಲ್ಸಿಯಂನಲ್ಲಿ ಸುಮಾರು 99% ಇರೋದು ಮೂಳೆ ಮತ್ತು ಹಲ್ಲುಗಳಲ್ಲಿ. ಹೃದಯ ಬಡಿಯೋಕೂ ಕ್ಯಾಲ್ಸಿಯಂ ಬೇಕು. ಊಟದಿಂದ ಸಾಕಾಗದಿದ್ರೆ ದೇಹ ಅದನ್ನು ಮೂಳೆಯಿಂದಲೇ ತೆಗೆಯುತ್ತೆ.

ಜಮಾ ಆಗೋಕೆ ಊಟ ಒಂದೇ ಸಾಲದು, ಮೂಳೆ ಮೇಲೆ ಭಾರವೂ ಬೀಳಬೇಕು. ಬಾಹ್ಯಾಕಾಶದಲ್ಲಿ ಕಾಲು, ಸೊಂಟಕ್ಕೆ ಹೊರೋ ಕೆಲಸವೇ ಇಲ್ಲ. ಅಲ್ಲಿ ಸರಿಯಾಗಿ ವ್ಯಾಯಾಮ ಮಾಡದಿದ್ರೆ ಗಗನಯಾತ್ರಿಗಳ ಆ ಮೂಳೆಗಳು ತಿಂಗಳಿಗೆ ಸುಮಾರು 1% ಸಾಂದ್ರತೆ ಕಳ್ಕೊಳ್ಳುತ್ವೆ.

ನಮ್ಮ ಖಾತೆ ತುಂಬೋದು ಹೆಚ್ಚುಕಡಿಮೆ 30ರ ವಯಸ್ಸಿನವರೆಗೆ. ಆಮೇಲೆ ನಿಧಾನಕ್ಕೆ ಜಮೆಗಿಂತ ಖರ್ಚೇ ಜಾಸ್ತಿ. ನಂಗೀಗ 28, ದಿನವಿಡೀ ಮೈಕ್ ಮುಂದೆ, ಲ್ಯಾಪ್‌ಟಾಪ್ ಮುಂದೆ ಕೂತಿರೋ ಕೆಲಸ. ನಿಮ್ಮಲ್ಲಿ ಬಹಳ ಜನರದ್ದೂ ಇದೇ ಕಥೆ. 65ರಲ್ಲಿ ಬಚ್ಚಲಲ್ಲಿ ಜಾರಿದಾಗ ಸೊಂಟದ ಮೂಳೆ ಮುರಿಯುತ್ತೋ ಇಲ್ವೋ ಅನ್ನೋದು ಇವತ್ತಿನ ಉಳಿತಾಯದ ಮೇಲೂ ನಿಂತಿದೆ.

ರಾಗಿಮುದ್ದೆ, ಹಾಲು, ಮೊಸರು ಬಿಡಬೇಡಿ. ಸ್ವಲ್ಪ ಬಿಸಿಲಿಗೆ ಬನ್ನಿ, ಮೆಟ್ಟಿಲು ಹತ್ತಿ. ಮುಂದಿನ ಎಪಿಸೋಡ್ ಕೂತ್ಕೊಂಡು ಬೇಡ, ನಡೀತಾ ಕೇಳಿ. ಸಿಗೋಣ.