ಮುಳುಗುವಾಗ ಮಾತ್ರ ನೆನಪಾಗುವವರು

(ಕ್ರೈಸ್ಲರ್ ಮೋಟಾರು ಕಂಪೆನಿಯ ಏಳುಬೀಳುಗಳನ್ನು ಕುರಿತು ಉಡುಪಿಯಲ್ಲಿ ಕಾರ್ಮಿಕರ ಮತ್ತು ಸಣ್ಣ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣ)



ಅಮೆರಿಕದ ಒಂದು ಮೋಟಾರು ಕಂಪೆನಿಯ ಚರಿತ್ರೆಯನ್ನು ಹೇಳಲು ನಿಂತಿದ್ದೇನೆ. "ಅಲ್ಲಿಯ ಸಾಹುಕಾರರ ಕತೆ ಕಟ್ಟಿಕೊಂಡು ನಮಗೇನಾಗಬೇಕು?" ಎಂದು ಬರುವ ದಾರಿಯಲ್ಲೇ ಗೆಳೆಯರೊಬ್ಬರು ಕೇಳಿದರು. ಪ್ರಶ್ನೆ ನ್ಯಾಯವಾದುದೇ. ಆದರೆ ಡಾಡ್ಜ್, ಫಾರ್ಗೋ ಎಂಬ ಲಾರಿಗಳನ್ನು ಇಲ್ಲಿರುವ ಹಿರಿಯರು ಮರೆತಿರಲಾರರು. ಹಂಚು, ಅಕ್ಕಿ, ಗೇರುಬೀಜ ಹೊತ್ತು ಘಾಟಿ ಹತ್ತಿಳಿದ ಆ ಲಾರಿಗಳ ಹೆಸರು ಈ ಕಂಪೆನಿಯದೇ. ನಮ್ಮ ಊರಿನ ಹುಡುಗರು ಹೊಟ್ಟೆಪಾಡಿಗೆಂದು ಮುಂಬಯಿ ಸೇರಿದಾಗ ಅವರ ಕಣ್ಣಿಗೆ ಬೀಳುತ್ತಿದ್ದ ಕಪ್ಪು ಹಳದಿ ಟ್ಯಾಕ್ಸಿ ತಯಾರಾದದ್ದು ಈ ಕಂಪೆನಿಯ ನೆರವಿನಿಂದ ಆರಂಭವಾದ ಕಾರ್ಖಾನೆಯಲ್ಲಿ. ಆದ್ದರಿಂದ ಕತೆ ತೀರ ಹೊರಗಿನದಲ್ಲ.

ಕಂಪೆನಿಯನ್ನು ಕಟ್ಟಿದ ವಾಲ್ಟರ್ ಕ್ರೈಸ್ಲರ್ ಹುಟ್ಟಿದ್ದು 1875ರಲ್ಲಿ, ಕ್ಯಾನ್ಸಸ್ ಸೀಮೆಯಲ್ಲಿ. ತಂದೆ ರೈಲು ಎಂಜಿನ್ ಓಡಿಸುವವನು. ಮಗನೂ ರೈಲ್ವೆ ವರ್ಕ್‌ಶಾಪಿನಲ್ಲಿ ಕೈಗೆ ಮಸಿ ಹತ್ತಿಸಿಕೊಂಡೇ ಕೆಲಸ ಕಲಿತ. 1908ರಲ್ಲಿ ಷಿಕಾಗೋದ ಪ್ರದರ್ಶನದಲ್ಲಿ 5,000 ಡಾಲರಿನ ಒಂದು ಕಾರನ್ನು ಕಂಡು ಮರುಳಾದ. ಕೈಯಲ್ಲಿದ್ದದ್ದು 700 ಡಾಲರ್, ಉಳಿದದ್ದಕ್ಕೆ ಸಾಲ. ಕಾರನ್ನು ಮನೆಗೆ ತಂದವನು ಮೊದಲು ಮಾಡಿದ ಕೆಲಸ ಸವಾರಿಯಲ್ಲ. ಅದನ್ನು ಬಿಚ್ಚಿ ಮತ್ತೆ ಜೋಡಿಸಿದ್ದು. ಇಂಥವನು 1925ರ ಜೂನಿನಲ್ಲಿ ತನ್ನ ಹೆಸರಿನಲ್ಲೇ ಕಂಪೆನಿ ನಿಲ್ಲಿಸಿದ. 1928ರಲ್ಲಿ ಡಾಡ್ಜ್ ಕಂಪೆನಿಯನ್ನು ಕೊಂಡುಕೊಂಡ. ಎಂಟೇ ವರ್ಷಗಳಲ್ಲಿ, 1936ರಲ್ಲಿ, ಫೋರ್ಡನನ್ನು ಹಿಂದೆ ಹಾಕಿ ಅಮೆರಿಕದ ಎರಡನೆಯ ದೊಡ್ಡ ಮೋಟಾರು ಕಂಪೆನಿಯಾಯಿತು.

ದುಡಿದು ಮೇಲೆ ಬಂದವನ ಬುದ್ಧಿಯನ್ನು ನಾವು ಹೀಗಳೆಯುವುದಿಲ್ಲ. ಆದರೆ ಕೆಲಸಗಾರನೊಬ್ಬ ಮಾಲಿಕನಾದ ಮಾತ್ರಕ್ಕೆ ಕೆಲಸಗಾರರೆಲ್ಲರ ಕಷ್ಟ ತೀರುವುದಿಲ್ಲ. 1937ರ ಮಾರ್ಚಿಯಲ್ಲಿ ಡೆಟ್ರಾಯಿಟಿನ ಕ್ರೈಸ್ಲರ್ ಕಾರ್ಮಿಕರು ಕಾರ್ಖಾನೆಯೊಳಗೇ ಕುಳಿತು ಮುಷ್ಕರ ಹೂಡಬೇಕಾಯಿತು. ಏಪ್ರಿಲಿನಲ್ಲಿ ಕಂಪೆನಿ ಸಂಘವನ್ನು ಒಪ್ಪಿಕೊಂಡಿತು. ಮುದಿತನದ ಪಿಂಚಣಿಗಾಗಿ 1950ರಲ್ಲಿ ಮತ್ತೆ ನೂರು ದಿನ ಮೀರಿದ ಮುಷ್ಕರ ನಡೆಯಿತು. ಕಂಪೆನಿಯ ಏಳಿಗೆಯಲ್ಲಿ ಕಾರ್ಮಿಕನಿಗೆ ದೊರೆತ ಪಾಲು ಹೋರಾಡಿ ಪಡೆದುದೇ ಹೊರತು ಕೈಯೆತ್ತಿ ಕೊಟ್ಟದ್ದಲ್ಲ.

ಮೈಸೂರಿಗೆ ಬಾರದ ಕಾರ್ಖಾನೆ

ಈಗ ನಮ್ಮ ನಾಡಿನ ಮಾತಿಗೆ ಬರೋಣ. ಭಾರತದಲ್ಲೇ ಮೋಟಾರು ತಯಾರಾಗಬೇಕೆಂದು ಸರ್ ಎಂ. ವಿಶ್ವೇಶ್ವರಯ್ಯನವರು 1935ರಲ್ಲಿ ಯೂರೋಪು ಅಮೆರಿಕಗಳನ್ನು ಸುತ್ತಿ ಕಾರ್ಖಾನೆಗಳನ್ನು ನೋಡಿಬಂದರು. ಉದ್ಯಮಿ ವಾಲಚಂದ ಹೀರಾಚಂದರು ಜೊತೆಗೂಡಿದರು. ಫೋರ್ಡ್ ಕಂಪೆನಿಯೊಂದಿಗಿನ ಮಾತು ಕುದುರಲಿಲ್ಲ. ತಂತ್ರಜ್ಞಾನ ಕೊಡಲು ಕ್ರೈಸ್ಲರ್ ಒಪ್ಪಿತು. ದಿವಾನ್ ಮಿರ್ಜಾ ಇಸ್ಮಾಯಿಲರ ಮೈಸೂರು ಸರಕಾರವೂ ನೆರವಿಗೆ ಸಿದ್ಧವಾಯಿತು.

ತಡೆದವರು ಯಾರು? ದಿಲ್ಲಿಯ ಬ್ರಿಟಿಷ್ ಸರಕಾರ. ಯುದ್ಧದ ಕಾಲದಲ್ಲಿ ಇದಕ್ಕೆ ಅವಕಾಶವಿಲ್ಲ ಎಂಬ ನೆಪ. ಯುದ್ಧಕ್ಕೆ ಮೋಟಾರು ಬೇಕು, ಆದರೆ ಅದು ಭಾರತೀಯನ ಕಾರ್ಖಾನೆಯಲ್ಲಿ ಆಗಬಾರದು! ಅದೇ ವಾಲಚಂದರು, ಅದೇ ಮೈಸೂರು ಸರಕಾರ ಸೇರಿ 1940ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಹಿಂದುಸ್ಥಾನ್ ವಿಮಾನ ಕಾರ್ಖಾನೆಯನ್ನು ಮಾತ್ರ ನಿಲ್ಲಿಸಿದರು. 1942ರಲ್ಲಿ ಅದರ ಆಡಳಿತ ಸರಕಾರದ ಕೈಸೇರಿತು. ಅದು ಇಂದಿಗೂ ಬೆಂಗಳೂರಿನಲ್ಲಿ ನಿಂತಿದೆ. ಮೋಟಾರಿನ ಕನಸು ಮಾತ್ರ ಮೈಸೂರನ್ನು ಬಿಟ್ಟು ಮುಂಬಯಿಗೆ ಹೋಯಿತು. 1944ರಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್ ಸ್ಥಾಪನೆಯಾಯಿತು. 1947ರಲ್ಲಿ ಕುರ್ಲಾ ಕಾರ್ಖಾನೆಯಿಂದ ಕ್ರೈಸ್ಲರಿನ ಗಾಡಿಗಳು ಹೊರಬಂದವು.

ಮೈಸೂರಿಗೆ ಒಂದು ಅನುಮತಿ ಕೊಡಲು ಸರಕಾರಕ್ಕೆ ಕೈ ಬರಲಿಲ್ಲ. ಇದನ್ನು ಗಂಟು ಹಾಕಿಟ್ಟುಕೊಳ್ಳಿ. ಕ್ರೈಸ್ಲರಿಗೆ ಕಷ್ಟ ಬಂದಾಗ ಸರಕಾರದ ಕೈ ಎಷ್ಟು ಉದಾರವಾಯಿತೆಂಬುದನ್ನು ಈಗ ಕೇಳಿ.

ಎತ್ತಿಗೆ ಜ್ವರ, ಎಮ್ಮೆಗೆ ಬರೆ

ಇಲ್ಲಿರುವ ವ್ಯಾಪಾರಿ ಬಂಧುಗಳಿಗೆ ಒಂದು ಲೆಕ್ಕ ಕೇಳುತ್ತೇನೆ. ಗಿರಾಕಿ ಕೇಳದ ಮಾಲನ್ನು ಅಂಗಡಿ ತುಂಬ ತಂದು ಸುರಿದುಕೊಂಡರೆ ಏನಾಗುತ್ತದೆ? ಬಡ್ಡಿ ಬೆಳೆಯುತ್ತದೆ, ಮಾಲು ಹಳತಾಗುತ್ತದೆ, ಕೊನೆಗೆ ಬಂದ ಬೆಲೆಗೆ ಮಾರಬೇಕಾಗುತ್ತದೆ. ನಮ್ಮ ಗೂಡಂಗಡಿಯವನಿಗೂ ತಿಳಿದ ಈ ಸಂಗತಿ ಕ್ರೈಸ್ಲರಿನ ದೊಡ್ಡ ತಲೆಗಳಿಗೆ ತಿಳಿಯಲಿಲ್ಲ. 1970ರ ದಶಕದಲ್ಲಿ ಯಾವ ವ್ಯಾಪಾರಿಯೂ ಕೇಳದ ಕಾರುಗಳನ್ನು ತಯಾರಿಸಿ, ಹತ್ತಾರು ಸಾವಿರದ ಲೆಕ್ಕದಲ್ಲಿ ಬಯಲಿನಲ್ಲಿ ನಿಲ್ಲಿಸಿದರು. ತಿಂಗಳ ಕೊನೆಗೆ ವ್ಯಾಪಾರಿಗಳಿಗೆ ಫೋನು ಮಾಡಿ, ರಿಯಾಯಿತಿ ತೋರಿಸಿ, ಹೇಗಾದರೂ ತಳ್ಳುವುದು. ಇಂಥ ಗುಡ್ಡೆಗೆ ಅವರು ಇಟ್ಟ ಹೆಸರು 'ಮಾರಾಟದ ಬ್ಯಾಂಕು'! ವ್ಯಾಪಾರಿಗಳೂ ಜಾಣರಾದರು: ತಿಂಗಳ ಕೊನೆಯವರೆಗೆ ಕಾದು ಕುಳಿತರೆ ಅಗ್ಗಕ್ಕೆ ಸಿಗುತ್ತದಲ್ಲ! ಅಷ್ಟರಲ್ಲಿ 1979ರ ಇರಾನಿನ ಕ್ರಾಂತಿಯಿಂದ ಎಣ್ಣೆ ತುಟ್ಟಿಯಾಯಿತು. ಎಣ್ಣೆ ಕುಡಿಯುವ ದೊಡ್ಡ ಕಾರನ್ನು ಕೇಳುವವರಿಲ್ಲ. ಆ ವರ್ಷ ನಷ್ಟ 110 ಕೋಟಿ ಡಾಲರ್. ಮರುವರ್ಷ 170 ಕೋಟಿ.

ಸರಕಾರ ಉದ್ಯಮದಲ್ಲಿ ಕೈ ಹಾಕಬಾರದೆಂದು ಹಗಲಿರುಳು ಉಪದೇಶಿಸುತ್ತಿದ್ದ ಬಂಡವಾಳಗಾರರು ಆಗ ಸರಕಾರದ ಬಾಗಿಲಿಗೆ ಬಂದರು. 1980ರ ಜನವರಿಯಲ್ಲಿ ಅಧ್ಯಕ್ಷ ಕಾರ್ಟರ್ ಸಹಿ ಹಾಕಿದ ಕಾನೂನು 150 ಕೋಟಿ ಡಾಲರಿನವರೆಗಿನ ಸಾಲಕ್ಕೆ ಜಾಮೀನು ನಿಂತಿತು. ಕಂಪೆನಿಯ ಹೊಸ ಯಜಮಾನ ಲೀ ಅಯಕೋಕ ವರ್ಷಕ್ಕೆ ಒಂದೇ ಡಾಲರ್ ಸಂಬಳ ತೆಗೆದುಕೊಳ್ಳುತ್ತೇನೆಂದದ್ದು ಜಗತ್ತಿಗೆಲ್ಲ ಸುದ್ದಿಯಾಯಿತು. ಆದರೆ ಕಾರ್ಮಿಕರು ಒಪ್ಪಂದವನ್ನು ಮೂರು ಸಲ ತಿದ್ದಿಸಿಕೊಂಡು, ಬರಬೇಕಾದ ಕೂಲಿಯನ್ನು ಬಿಟ್ಟುಕೊಟ್ಟದ್ದು ಅಷ್ಟು ದೊಡ್ಡ ಸುದ್ದಿಯಾಗಲಿಲ್ಲ. ಹ್ಯಾಮ್‌ಟ್ರಾಮಿಕ್ ಊರಿನ ಹಳೆಯ ಡಾಡ್ಜ್ ಕಾರ್ಖಾನೆಯ ಬಾಗಿಲು ಅದೇ ಜನವರಿಯಲ್ಲಿ ಮುಚ್ಚಿತು. ಕೆಲವೇ ವರ್ಷಗಳಲ್ಲಿ ಕಾರ್ಮಿಕರ ಸಂಖ್ಯೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. ಕೇಳದ ಕಾರನ್ನು ತಯಾರಿಸಿರೆಂದು ಅಪ್ಪಣೆ ಕೊಟ್ಟವರು ಒಬ್ಬರು, ಕೆಲಸ ಕಳೆದುಕೊಂಡವರು ಇನ್ನೊಬ್ಬರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ!

ಒಂದು ಒಳ್ಳೆಯ ಸಂಗತಿಯನ್ನೂ ಹೇಳಬೇಕು. ಕಾರ್ಮಿಕ ಸಂಘದ ಅಧ್ಯಕ್ಷ ಡಗ್ಲಸ್ ಫ್ರೇಸರ್ 1980ರಲ್ಲಿ ಕಂಪೆನಿಯ ನಿರ್ದೇಶಕ ಮಂಡಳಿಯಲ್ಲಿ ಕುಳಿತರು. ಸರಕಾರವೂ ಜಾಮೀನಿಗೆ ಬದಲಾಗಿ, ಮುಂದೆ ನಿಗದಿತ ಬೆಲೆಗೆ ಕಂಪೆನಿಯ ಷೇರು ಕೊಳ್ಳುವ ಹಕ್ಕನ್ನು ಬರೆಸಿಕೊಂಡಿತ್ತು. 1983ರಲ್ಲಿ ಕಂಪೆನಿ ಚೇತರಿಸಿಕೊಂಡು ಸಾಲವನ್ನು ಅವಧಿಗೆ ಮೊದಲೇ ತೀರಿಸಿತು. ಷೇರಿನ ಬೆಲೆ ಏರಿತು. ಆಗ ಕಂಪೆನಿಯವರು, ಆ ಹಕ್ಕನ್ನು ಬಿಟ್ಟುಬಿಡಿ ಎಂದು ಸರಕಾರವನ್ನು ಕೇಳಿದರು. ಹೊಳೆ ದಾಟಿದ ಮೇಲೆ ಅಂಬಿಗನ ಗೊಡವೆ ಯಾರಿಗೆ ಬೇಕು? ಆದರೆ ಕಾಗದದಲ್ಲಿ ಬರೆದಿದ್ದರಿಂದ ಸರಕಾರ ಹರಾಜು ಹಾಕಿತು. ಬೊಕ್ಕಸಕ್ಕೆ 31 ಕೋಟಿ ಡಾಲರಿಗೂ ಹೆಚ್ಚು ಬಂತು. ಬರೆಸಿಕೊಂಡವನಿಗೆ ಸಿಕ್ಕಿತು. ಬಾಯಿಮಾತಿನಲ್ಲಿ ತ್ಯಾಗ ಮಾಡಿದವನಿಗೆ ಸಿಕ್ಕಿದ್ದು ಹೊಗಳಿಕೆ.

ಎರಡನೆಯ ಸಲ

ಮುಂದಿನದನ್ನು ಬೇಗ ಹೇಳುತ್ತೇನೆ. 1998ರಲ್ಲಿ ಕಂಪೆನಿ ಜರ್ಮನಿಯ ಡೈಮ್ಲರ್ ಕೈಸೇರಿತು. 2007ರಲ್ಲಿ ಅವರು ಅದನ್ನು ಹಣಕಾಸಿನ ಒಂದು ಕೂಟಕ್ಕೆ ಮಾರಿದರು. 2009ರ ಏಪ್ರಿಲ್ 30ರಂದು ದಿವಾಳಿ ಅರ್ಜಿ. ಈ ಸಲ ಸರಕಾರ ತೊಡಗಿಸಿದ್ದು 1,250 ಕೋಟಿ ಡಾಲರ್. ಅದರಲ್ಲಿ ಸುಮಾರು 130 ಕೋಟಿ ಮರಳಿ ಬರಲೇ ಇಲ್ಲ.

ಸಣ್ಣ ವ್ಯಾಪಾರಿಗಳು ಗಮನವಿಟ್ಟು ಕೇಳಬೇಕು. ಅದೇ ಮೇ ತಿಂಗಳಲ್ಲಿ ಕಂಪೆನಿ ತನ್ನ 789 ವ್ಯಾಪಾರಿಗಳಿಗೆ ಪತ್ರ ಬರೆದು, ಜೂನ್ 9ಕ್ಕೆ ನಿಮ್ಮ ಸಂಬಂಧ ಮುಗಿಯಿತು ಎಂದಿತು. ಕೊಟ್ಟ ಗಡುವು ಒಂದು ತಿಂಗಳೂ ಇಲ್ಲ. ಅಪ್ಪನ ಕಾಲದಿಂದ ಅದೇ ಬೋರ್ಡು ತೂಗುಹಾಕಿದವರು ಅವರಲ್ಲಿದ್ದರು. ಕಂಪೆನಿ ತಳ್ಳಿದ ಮಾಲನ್ನು ಬೇಡವೆನ್ನದೆ ಕೊಂಡು, ಅದನ್ನು ನಿಲ್ಲಿಸಿದವರಿಗೇ ಮೊದಲ ಪೆಟ್ಟು. ತಾನು ಅರ್ಧ ಮಾಲಿಕ, ಕಾರ್ಮಿಕನ ಜಗಳ ತನಗಲ್ಲ ಎಂದುಕೊಳ್ಳುವ ವ್ಯಾಪಾರಿ ಆ 789 ಅಂಗಡಿಗಳನ್ನು ನೆನೆಯಲಿ.

ಕಾರ್ಮಿಕರೊಳಗೂ ಭೇದ ಬಿತ್ತಿದರು. ಹೊಸದಾಗಿ ಸೇರಿದವನಿಗೆ, ಅದೇ ಕೆಲಸಕ್ಕೆ, ಹಳಬನ ಹೆಚ್ಚುಕಡಿಮೆ ಅರ್ಧ ಕೂಲಿ. ಈ ಎರಡು ಪಂಕ್ತಿಯ ಊಟದ ವಿರುದ್ಧ 2023ರ ಸೆಪ್ಟೆಂಬರಿನಲ್ಲಿ ಮೂರು ಮೋಟಾರು ಕಂಪೆನಿಗಳಲ್ಲೂ ಒಮ್ಮೆಗೇ ಮುಷ್ಕರವಾಗಿ, ಆರು ವಾರಗಳಲ್ಲಿ, ನಾಲ್ಕೂವರೆ ವರ್ಷಗಳ ಒಪ್ಪಂದದಲ್ಲಿ ನೂರಕ್ಕೆ 25ರಷ್ಟು ಕೂಲಿ ಹೆಚ್ಚಳ ದೊರೆಯಿತು.

2009ರಲ್ಲಿ ಕ್ರೈಸ್ಲರನ್ನು ಕೈಹಿಡಿದದ್ದು ಇಟಲಿಯ ಫಿಯೆಟ್. 2021ರಲ್ಲಿ ಫ್ರಾನ್ಸಿನ ಪ್ಯೂಜೋ ಬಳಗವೂ ಕೂಡಿ 'ಸ್ಟೆಲಾಂಟಿಸ್' ಎಂಬ ಹೊಸ ಹೆಸರಾಯಿತು. ಕ್ರೈಸ್ಲರ್ ಎಂಬುದು ಈಗ ಕಂಪೆನಿಯಲ್ಲ, ಗಾಡಿಯ ಮೇಲಿನ ಒಂದು ಗುರುತು.

ಕುರ್ಲಾಕ್ಕೆ ಯಾರು ಬಂದರು?

ಕ್ರೈಸ್ಲರ್, ಫಿಯೆಟ್, ಪ್ಯೂಜೋ. ಈ ಮೂರೂ ಹೆಸರುಗಳನ್ನು ನಮ್ಮ ಪ್ರೀಮಿಯರ್ ಕಂಪೆನಿ ಒಂದೊಂದು ಕಾಲಕ್ಕೆ ನಂಬಿತ್ತು. ಮೊದಲು ಡಾಡ್ಜ್, ಆಮೇಲೆ ಫಿಯೆಟ್, ಅದೇ ಮುಂದೆ ಪದ್ಮಿನಿ, 1990ರ ದಶಕದಲ್ಲಿ ಪ್ಯೂಜೋ. ಆ ಪಾಲುದಾರಿಕೆ ಕೆಲವೇ ವರ್ಷಗಳಲ್ಲಿ ಮುರಿಯಿತು. ಪದ್ಮಿನಿಯ ತಯಾರಿಕೆಯೂ ನಿಂತಿತು. ಡೆಟ್ರಾಯಿಟಿಗೆ ಓಡಿ ಬಂದಂತೆ ಕುರ್ಲಾದ ಕಾರ್ಮಿಕನ ಬಾಗಿಲಿಗೆ ಯಾವ ಸರಕಾರವೂ ಜಾಮೀನಿನ ಕಾಗದ ಹಿಡಿದು ಬರಲಿಲ್ಲ. ಮುಂಬಯಿಯ ರಸ್ತೆಯಿಂದ ಪದ್ಮಿನಿ ಟ್ಯಾಕ್ಸಿ 2023ರ ಅಕ್ಟೋಬರ್ 30ಕ್ಕೆ ಇಳಿಯಿತು. ಪತ್ರಿಕೆಗಳು ಗಾಡಿಗೆ ಬೀಳ್ಕೊಡುಗೆ ಬರೆದವು. ಅದನ್ನು ಕಟ್ಟಿದ ಕೈಗಳಿಗೆ ಬರೆದವರು ಕಡಮೆ.

ಆ ಟ್ಯಾಕ್ಸಿಯವರನ್ನು ಸಂಘಟಿಸಿದವರು ನಮ್ಮ ಮಂಗಳೂರಿನ ಜಾರ್ಜ್ ಫರ್ನಾಂಡಿಸ್. ಚಾಲಕನೇ ಗಾಡಿಯ ಒಡೆಯನಾಗಲು ಸಾಲ ಸಿಗಬೇಕೆಂದು 1968ರಲ್ಲಿ ಕಾರ್ಮಿಕರ ಸಹಕಾರಿ ಬ್ಯಾಂಕು ಕಟ್ಟಿಸಿದರು. ದೊಡ್ಡ ಕೆಲಸ ಅದು. ಆದರೆ ನಮ್ಮವರದೆಂದು ಮುಚ್ಚಿಡಬಾರದು: ಹೆಸರು ಬದಲಾಗಿ ಬೆಳೆದ ಆ ಬ್ಯಾಂಕು 2025ರಲ್ಲಿ ಹಣದ ಅಪಹಾರದಿಂದ ಕುಸಿದು ಬೇರೊಂದು ಬ್ಯಾಂಕಿನಲ್ಲಿ ವಿಲೀನವಾಯಿತು. ಕಟ್ಟಿದರೆ ಸಾಲದು, ಕಾಯಬೇಕು.

ಉಡುಪಿಯವರಿಗೆ ಇದು ಹೊಸ ಪಾಠವಲ್ಲ. ಕ್ರೈಸ್ಲರ್ ಹುಟ್ಟಿದ 1925ರಲ್ಲೇ ಈ ಊರಿನಲ್ಲಿ ಉಪೇಂದ್ರ ಅನಂತ ಪೈ, ವಾಮನ ಕುಡ್ವ, ಡಾ. ಟಿ.ಎಂ.ಎ. ಪೈಯವರು ಎಂಟು ಸಾವಿರ ರೂಪಾಯಿಯ ಬಂಡವಾಳದಲ್ಲಿ, ಕಷ್ಟಕ್ಕೆ ಸಿಕ್ಕಿದ್ದ ನೇಕಾರರ ನೆರವಿಗೆಂದು ಸಿಂಡಿಕೇಟನ್ನು ಆರಂಭಿಸಿದರು. 1928ರಿಂದ ಪಿಗ್ಮಿಯವರು ಮನೆ ಬಾಗಿಲಿಗೆ ಬಂದು ದಿನಕ್ಕೆ ಎರಡಾಣೆಯಂತೆ ಕೂಡಿಸಿದ ಹಣದಿಂದ ಅದು ಬೆಳೆಯಿತು. 1969ರಲ್ಲಿ ರಾಷ್ಟ್ರದ ಸೊತ್ತಾಯಿತು, ನಾವು ಸಂತೋಷಪಟ್ಟೆವು. 2020ರ ಏಪ್ರಿಲ್ 1ರಂದು ದಿಲ್ಲಿಯ ಒಂದು ತೀರ್ಮಾನದಿಂದ ಕೆನರಾ ಬ್ಯಾಂಕಿನಲ್ಲಿ ಕರಗಿತು. ಎರಡಾಣೆ ಕೊಟ್ಟವರ ಮಕ್ಕಳನ್ನು ಕೇಳಿದವರಾರು? ಸರಕಾರದ ಹೆಸರಿದ್ದರೂ ಜನರ ಮಾತು ನಡೆಯದಿದ್ದರೆ ಅದು ಅರ್ಧ ಸಮಾಜವಾದ.

ಹಾಗಾದರೆ ಮಾಡಬೇಕಾದುದೇನು? ಮೂರು ಮಾತು ಹೇಳಿ ಮುಗಿಸುತ್ತೇನೆ.

ಒಂದು: ಕಾಪುವಿನಲ್ಲಾಗಲಿ ಕಾರ್ಕಳದಲ್ಲಾಗಲಿ ಕಂಪೆನಿಯೊಂದಕ್ಕೆ ಜನರ ನೆಲ, ನೀರು, ತೆರಿಗೆಯ ರಿಯಾಯಿತಿ ಕೊಡುವಾಗ ಷರತ್ತುಗಳು ಕನ್ನಡದಲ್ಲಿ ಅಚ್ಚಾಗಬೇಕು, ಗ್ರಾಮಸಭೆಯಲ್ಲಿ ಓದಬೇಕು. ಎಷ್ಟು ಕೆಲಸ, ಎಷ್ಟು ವರ್ಷ, ಮುಚ್ಚಿದರೆ ನೆಲ ಯಾರಿಗೆ?

ಎರಡು: ಲೆಕ್ಕದ ಪುಸ್ತಕ ಕಾರ್ಮಿಕರ ಪ್ರತಿನಿಧಿಗೂ ತೆರೆದಿರಬೇಕು. ಫ್ರೇಸರರಿಗೆ ಕುರ್ಚಿ ಕೊಟ್ಟದ್ದು ಮನೆಗೆ ಬೆಂಕಿ ಬಿದ್ದ ಮೇಲೆ. ಮೊದಲೇ ಕೊಟ್ಟಿದ್ದರೆ ಬಯಲಿನಲ್ಲಿ ನಿಂತ ಕಾರುಗಳನ್ನು ಎಣಿಸಿ ಹೇಳುವವರೊಬ್ಬರು ಇರುತ್ತಿದ್ದರು.

ಮೂರು: ಮುಳುಗಿದಾಗ ಮೊದಲು ದಡ ಸೇರಬೇಕಾದವರು ದುಡಿದವರು. 2016ರ ದಿವಾಳಿ ಸಂಹಿತೆಯಲ್ಲಿ ಕಂಪೆನಿಯ ಆಸ್ತಿ ಮಾರಿ ಹಂಚುವಾಗ ಕಾರ್ಮಿಕರ 24 ತಿಂಗಳ ಬಾಕಿಗೆ, ಅಡಮಾನ ಇಟ್ಟುಕೊಂಡು ಸಾಲ ಕೊಟ್ಟವರ ಸಮನಾದ ಸ್ಥಾನವಿದೆ. ಮಾಲು ಒದಗಿಸಿದ ಸಣ್ಣ ವ್ಯಾಪಾರಿ ಮಾತ್ರ ಸಾಲಿನ ಹಿಂದೆ, ಬ್ಯಾಂಕು, ಸರಕಾರ ಎಲ್ಲರೂ ಉಂಡ ಮೇಲೆ ಎಲೆ ಹಾಕಿಸಿಕೊಳ್ಳುವವನು. ಈ ಸಾಲು ಬದಲಾಗಬೇಕೆಂದು ಕಾರ್ಮಿಕನೂ ವ್ಯಾಪಾರಿಯೂ ಕೂಡಿ ಕೇಳಬೇಕು.

ಬಂಧುಗಳೆ, ಕಂಪೆನಿಗಳು ಏಳುತ್ತವೆ, ಬೀಳುತ್ತವೆ. ಬಿದ್ದಾಗ ಎತ್ತುವುದಕ್ಕೆ ನಾವೇ ಬೇಕೆಂದಾದರೆ, ಎದ್ದಾಗ ಕೇಳುವ ಹಕ್ಕೂ ನಮ್ಮದೇ. ಅದನ್ನು ಬಾಯಿಮಾತಿನಲ್ಲಿ ಬಿಡದೆ ಕಾಗದದಲ್ಲಿ ಬರೆಸಿಕೊಳ್ಳುವುದೇ ಸಂಘಟನೆಯ ಕೆಲಸ.