ಗುಣವಾಗಬೇಕಾದವನು ಒಬ್ಬನೇ?

ಕುಡುಕ ಎಂದು ನಾವು ಬೆರಳು ತೋರಿಸುವುದು ಒಬ್ಬನತ್ತ. ಪುಣೆಯ ಮನೋವೈದ್ಯೆ ಡಾ. ಅನಿತಾ ಅವಚಟ್ ಅವನ ಹಿಂದಿರುವ ಮನೆಯವರನ್ನೂ ಕಂಡರು. ಅವರ ಪತಿ, ಲೇಖಕ ಅನಿಲ್ ಅವಚಟ್, ನಗರದ ಹುಡುಗರನ್ನು ನುಂಗುತ್ತಿದ್ದ ಬ್ರೌನ್ ಶುಗರ್ ಎಂಬ ಮಾದಕವಸ್ತುವಿನ ಬಗ್ಗೆ ಬರೆದರು. ಓದಿ ಕಳವಳಗೊಂಡ ಮರಾಠಿ ಸಾಹಿತಿ ಪು. ಲ. ದೇಶಪಾಂಡೆ ದಂಪತಿ ಹಣ ಕೊಟ್ಟರು. ಅದರಿಂದ 1986ರಲ್ಲಿ ಪುಣೆಯ ಯರವಡಾದಲ್ಲಿ 'ಮುಕ್ತಾಂಗಣ' ವ್ಯಸನಮುಕ್ತಿ ಕೇಂದ್ರ ಶುರುವಾಯಿತು. ಅಲ್ಲಿ ಔಷಧಿಯಷ್ಟೇ ಬೆಲೆ ಮಾತಿಗೂ ಇದೆ. ವ್ಯಸನಿಗಳ ಹೆಂಡತಿಯರಿಗಾಗಿಯೇ 'ಸಹಚರಿ' ಎಂಬ ಗುಂಪು. ಏಟು, ಸಾಲ, ಮಕ್ಕಳ ಫೀಸು... ಒಬ್ಬಳು ಹೇಳಿಕೊಂಡಾಗ ಇನ್ನೊಬ್ಬಳಿಗೆ ಅದು ತನ್ನದೇ ಕಥೆ. ಹಣೆಬರಹ ಅಂದುಕೊಂಡದ್ದು ಊರ ಕಷ್ಟ ಎಂದು ಹೊಳೆಯುವುದು ಆಗಲೇ. ಹಾಗಂತ ಆಪ್ತಸಮಾಲೋಚನೆಯಿಂದ ಕೆಲಸ ಹುಟ್ಟುವುದಿಲ್ಲ, ಬಾಡಿಗೆ ಇಳಿಯುವುದಿಲ್ಲ. ಅದಕ್ಕೆ ಸರಕಾರವೇ ಬೇಕು. ನಿಮ್ಮ ಬೀದಿಯಲ್ಲೂ ಅಂಥ ಮನೆಯಿದ್ದರೆ, ಇವತ್ತು ಆ ಹೆಣ್ಣುಮಗಳನ್ನು 'ಹೇಗಿದ್ದೀಯಮ್ಮ' ಎಂದು ವಿಚಾರಿಸಿ.